ದಾರ ಹೋಗುವ ದಾರಿಯಲ್ಲೇ ಹುಡುಕಿದ ದೋಷ: ಉಪ್ಪುನೀರಿನ ರಾಡ್ ಮತ್ತು ರೀಲಿನ ದುರಸ್ತಿ

ದುರಸ್ತಿಗೆ ಎತ್ತಿಕೊಂಡ ಮೀನು ಹಿಡಿಯುವ ಸಲಕರಣೆ ಇದು: 9 ಅಡಿ ಉದ್ದದ, ಎರಡು ತುಂಡಿನ ಗ್ರಾಫೈಟ್ ರಾಡ್, 4000 ಅಳತೆಯ ಸ್ಪಿನ್ನಿಂಗ್ ರೀಲ್, ಅದರಲ್ಲಿ ಪಿಇ 2 ಸಂಖ್ಯೆಯ, ಅಂದರೆ ಸುಮಾರು 0.235 ಮಿ.ಮೀ. ವ್ಯಾಸದ ಹೆಣೆದ ದಾರ. ಅದರ ತುದಿಗೆ ಒಂದು ಮಾರು ಉದ್ದದ ನೈಲಾನ್ ತಂಗೂಸಿನ (ಒಂಟಿ ಎಳೆಯ ದಾರದ) ಲೀಡರ್, ಅಂದರೆ ಮುಖ್ಯ ದಾರಕ್ಕೂ ಗಾಳಕ್ಕೂ ನಡುವಿನ ತುಂಡು. ಇದನ್ನು ಬಳಸುವುದು ಗಂಗೊಳ್ಳಿಯ ಅಳಿವೆಯ ಆಸುಪಾಸಿನಲ್ಲಿ. ಪಂಚಗಂಗಾವಳಿಯ ನೀರು ಕಡಲು ಸೇರುವ ಆ ಜಾಗದಲ್ಲಿ ಬ್ರೇಕ್‌ವಾಟರಿನ (ಅಲೆತಡೆ ಗೋಡೆಯ) ಬಂಡೆಗಳ ನಡುವೆ ಕೆಂಬೇರಿ ಸಿಗುತ್ತದೆ. ಗಾಳ ಕಚ್ಚಿದ ಕೂಡಲೇ ಅದು ಕಲ್ಲಿನ ಸಂದಿಗೆ ನುಗ್ಗುವ ಮೀನಾದ್ದರಿಂದ ರಾಡು, ರೀಲು, ದಾರ ಇವುಗಳಲ್ಲಿ ಎಲ್ಲಿ ಸಣ್ಣ ಕೊರತೆಯಿದ್ದರೂ ಮೊದಲ ಎಳೆತದಲ್ಲೇ ಗೊತ್ತಾಗಿಬಿಡುತ್ತದೆ.

ಕಂಡುಬಂದ ತೊಂದರೆಗಳು ನಾಲ್ಕು. ದಾರವು ಗಂಟಿನಲ್ಲಿ ಅಲ್ಲದೆ, ಗಂಟಿನಿಂದ ಎಷ್ಟೋ ಮೇಲಕ್ಕೆ ತುಂಡಾಗುತ್ತಿತ್ತು. ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ಹದವಾಗಿ ಬಿಟ್ಟುಕೊಡುವ ರೀಲಿನ ಬ್ರೇಕು) ಹಿಡಿದು ನಿಂತು, ಆಮೇಲೆ ಒಮ್ಮೆಲೇ ಬಿಟ್ಟುಕೊಡುತ್ತಿತ್ತು. ಹಿಡಿಕೆ ತಿರುಗಿಸುವಾಗ ಮರಳು ಅರೆದಂತೆ ಕರಕರ ಸದ್ದು ಬರುತ್ತಿತ್ತು. ಇವೆಲ್ಲಕ್ಕಿಂತ ವಿಚಿತ್ರವಾಗಿ, ಬೆಳಗಿನ ತಂಪಿನಲ್ಲಿ ಹಿಡಿಕೆ ಆಗಾಗ ಹಿಮ್ಮುಖವಾಗಿ ಜಾರುತ್ತಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ; ದಡದಿಂದ ಗಾಳ ಹಾಕುವವರಿಗೆ ಆ ನಿಷೇಧ ಅನ್ವಯಿಸದಿದ್ದರೂ ಮಳೆಗಾಲದ ಅಲೆಗಳು ಬಂಡೆಗಳ ಮೇಲೇರುವುದರಿಂದ ಅಲ್ಲಿ ನಿಲ್ಲುವುದು ಅಪಾಯಕರ. ಆ ಬಿಡುವಿನಲ್ಲಿ ಎಲ್ಲವನ್ನೂ ಬಿಚ್ಚಿದೆ. ದಾರದ ತುದಿಯಿಂದ ಆರಂಭಿಸಿ, ದಾರ ಸಾಗುವ ದಾರಿಯಲ್ಲೇ ಹಿಂದಕ್ಕೆ, ರೀಲಿನ ಹೊಟ್ಟೆಯವರೆಗೆ ಹೋಗುವುದು ಎಂದು ಕ್ರಮ ಇಟ್ಟುಕೊಂಡೆ.

ಹಂತ 1: ತುಂಡಾದ ತುದಿಯನ್ನು ಓದುವುದು

ತುಂಡಾದ ದಾರದ ತುದಿಯನ್ನು ಎಸೆಯುವ ಮೊದಲು ನೋಡಬೇಕು. ತುದಿ ಹಂದಿಯ ಬಾಲದಂತೆ ಸುರುಳಿಯಾಗಿದ್ದರೆ ಗಂಟು ಜಾರಿದೆ ಎಂದರ್ಥ. ಬ್ಲೇಡಿನಿಂದ ಕತ್ತರಿಸಿದಷ್ಟು ನೇರವಾಗಿದ್ದರೆ ಕಲ್ಲಿಗಂಟಿದ ಚಿಪ್ಪೋ ಮೀನಿನ ಹಲ್ಲೋ ತಗುಲಿರುವ ಸಂಭವ ಹೆಚ್ಚು. ಇಲ್ಲಿ ಕಂಡದ್ದು ಇವೆರಡೂ ಅಲ್ಲ. ಎಳೆಗಳು ಬಿಚ್ಚಿ ಹತ್ತಿಯಂತಾಗಿದ್ದವು. ಉಗುರಿನ ನಡುವೆ ದಾರವನ್ನು ಎಳೆದಾಗ ತುದಿಯಿಂದ ಮೇಲಕ್ಕೆ ಸುಮಾರು 20 ಮೀಟರಿನವರೆಗೂ ಅದೇ ಒರಟುತನ ತಗುಲಿತು. ಒಂದೇ ಜಾಗದಲ್ಲಿ ಸವೆದಿದ್ದರೆ ಕಲ್ಲನ್ನು ದೂರಬಹುದಿತ್ತು. ಉದ್ದಕ್ಕೂ ಸವೆದಿದೆ ಎಂದರೆ, ಪ್ರತಿ ಎಸೆತದಲ್ಲೂ ದಾರ ಹಾದುಹೋಗುವ ಯಾವುದೋ ಭಾಗ ಅದನ್ನು ತಿನ್ನುತ್ತಿದೆ ಎಂದೇ ಅರ್ಥ.

ಇದನ್ನು ಮೊದಲೇ ಯೋಚಿಸಿದ್ದರೆ 900 ರೂಪಾಯಿ ಉಳಿಯುತ್ತಿತ್ತು. ದಾರ ಹಳೆಯದಾಗಿದೆ ಎಂದುಕೊಂಡು ಹಿಂದಿನ ತಿಂಗಳೇ 150 ಮೀಟರ್ ಹೊಸ ದಾರ ತುಂಬಿಸಿದ್ದೆ. ಅದೂ ಬಹುಬೇಗ ಹಾಗೆಯೇ ಆಯಿತು. ಈಗ ಹಾಳಾದ 20 ಮೀಟರನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಖಾಲಿ ಸ್ಪೂಲೊಂದಕ್ಕೆ (ದಾರ ಸುತ್ತುವ ಉರುಳೆಗೆ) ಸುತ್ತಿ, ಅಲ್ಲಿಂದ ಇನ್ನೊಂದಕ್ಕೆ ದಾಟಿಸಿ, ಮತ್ತೆ ರೀಲಿಗೆ ತುಂಬಿದೆ. ಹೀಗೆ ಮಾಡಿದರೆ ತಳದಲ್ಲಿದ್ದ, ಬಿಸಿಲನ್ನೇ ಕಾಣದ ದಾರ ಮೇಲಕ್ಕೆ ಬರುತ್ತದೆ. ಹೆಣೆದ ದಾರ ನುಣುಪಾದ ಸ್ಪೂಲಿನ ಮೇಲೆ ಒಟ್ಟಾಗಿ ಜಾರುವುದರಿಂದ ಅಡಿಯಲ್ಲಿ ಏಳೆಂಟು ಸುತ್ತು ನೈಲಾನ್ ತಂಗೂಸು ಇರಲೇಬೇಕು.

ಹಂತ 2: ಗೈಡುಗಳ ಪರೀಕ್ಷೆ

ರಾಡಿನ ಮೇಲೆ ತುದಿಯದನ್ನು ಬಿಟ್ಟು ಏಳು ಗೈಡುಗಳಿವೆ, ಅಂದರೆ ದಾರ ಹಾಯುವ ಉಂಗುರದ ಕೊಂಡಿಗಳು. ಪ್ರತಿಯೊಂದರ ಪಿಂಗಾಣಿ ಉಂಗುರದೊಳಗೂ ಸ್ವಲ್ಪ ಹತ್ತಿಯನ್ನು ತೂರಿಸಿ, ಸುತ್ತಲೂ ಒತ್ತಿ ತಿರುಗಿಸಿದೆ. ತುದಿಯಿಂದ ಮೂರನೆಯ ಗೈಡಿನಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿತು. ಗಡಿಯಾರ ರಿಪೇರಿಯವರು ಕಣ್ಣಿಗೆ ಹಾಕಿಕೊಳ್ಳುವಂಥ ಭೂತಗನ್ನಡಿಯಲ್ಲಿ ನೋಡಿದಾಗ ಉಂಗುರದ ಒಳಮೈಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಕಂಡಿತು. ಬರಿಗಣ್ಣಿಗೆ ಅದು ಕಾಣುವಂಥದ್ದಲ್ಲ, ಬೆರಳಿಗೂ ತಗುಲದು. ಈ ಉಂಗುರಗಳು ಗಟ್ಟಿಯಾದವು, ಆದರೆ ಪೆಟ್ಟು ತಾಳವು. ರಾಡನ್ನು ಬಂಡೆಗೆ ಒರಗಿಸಿದಾಗ ಜಾರಿ ಬೀಳುವುದು ಒಂದು ಕಾರಣ. ನಡೆಯುವಾಗ ಲೂರಿನ (ಕೃತಕ ಆಮಿಷದ) ಕೊಕ್ಕೆಯನ್ನು ಸಿಕ್ಕ ಗೈಡಿನ ಉಂಗುರಕ್ಕೇ ಸಿಕ್ಕಿಸುವ ಅಭ್ಯಾಸ ಇನ್ನೊಂದು. ಕೊಕ್ಕೆಯನ್ನು ಸಿಕ್ಕಿಸಲೇಬೇಕಿದ್ದರೆ ಉಂಗುರಕ್ಕಲ್ಲ, ಗೈಡಿನ ಲೋಹದ ಚೌಕಟ್ಟಿಗೆ ಸಿಕ್ಕಿಸಬೇಕು.

ತುದಿಯ ಗೈಡಿನ ಉಂಗುರ ಸರಿಯಾಗಿತ್ತು, ಆದರೆ ಅದರ ಕೊಳವೆ ಅಲುಗಾಡುತ್ತಿತ್ತು. ಅದು ಬಿಸಿಗೆ ಕರಗುವ ಅಂಟಿನಿಂದ ಕೂತಿರುವುದರಿಂದ ಕೆಲಸ ಸುಲಭ. ಲೋಹದ ಕೊಳವೆಯನ್ನು ಮಾತ್ರ ಲೈಟರಿನ ಜ್ವಾಲೆಗೆ ಒಂದೆರಡು ಸೆಕೆಂಡು ತೋರಿಸಿ, ಇಕ್ಕಳದಿಂದ ನೇರವಾಗಿ ಎಳೆದರೆ ಕೈಗೆ ಬರುತ್ತದೆ. ಗ್ರಾಫೈಟ್ ಕೋಲಿಗೆ ಜ್ವಾಲೆ ತಾಗಿದರೆ ಒಳಗಿನ ರಾಳ ಮೆತ್ತಗಾಗಿ ತುದಿ ಮುರಿಯುತ್ತದೆ. ಅಂಟಿನ ಕಡ್ಡಿಯಿಂದ ಕೆರೆದ ಚೂರನ್ನು 1.8 ಮಿ.ಮೀ. ಒಳವ್ಯಾಸದ ಆ ಕೊಳವೆಗೆ ತುಂಬಿ, ಕೊಳವೆಯನ್ನು ಮತ್ತೆ ಬಿಸಿಮಾಡಿ ಕೂರಿಸಿ, ಅಂಟು ಗಟ್ಟಿಯಾಗುವ ಮೊದಲೇ ಉಳಿದ ಗೈಡುಗಳ ಸಾಲಿಗೆ ಕಣ್ಣಳತೆಯಲ್ಲಿ ಹೊಂದಿಸಿದೆ.

ಹಂತ 3: ಲೈನ್ ರೋಲರ್

ರೀಲಿನ ಬೇಲ್ ತಂತಿ (ದಾರವನ್ನು ಹಿಡಿದು ಸ್ಪೂಲಿಗೆ ಸುತ್ತಿಸುವ ಬಾಗಿದ ತಂತಿ) ಕೊನೆಗೊಳ್ಳುವ ಮೂಲೆಯಲ್ಲಿ ದಾರ ತಿರುಗಿ ಸ್ಪೂಲಿಗೆ ಹೋಗುವ ಸಣ್ಣ ಉರುಳೆಯೇ ಲೈನ್ ರೋಲರ್. ಇಡೀ ರೀಲಿನಲ್ಲಿ ಉಪ್ಪುನೀರು ಮೊದಲು ಸೇರುವುದು ಅಲ್ಲಿ, ಯಾರೂ ಎಣ್ಣೆ ಹಾಕದಿರುವುದೂ ಅಲ್ಲಿಯೇ. ದಾರವನ್ನು ಬಿಗಿಹಿಡಿದು ಹಿಡಿಕೆ ತಿರುಗಿಸಿದಾಗ ರೋಲರ್ ತಿರುಗಲಿಲ್ಲ. ದಾರ ಅದರ ಮೇಲೆ ಜಾರುತ್ತಿತ್ತು. ಅಂದರೆ ಸವೆತದ ಕಾರಣ ಒಂದಲ್ಲ, ಎರಡು. ಗೈಡನ್ನು ಮಾತ್ರ ಬದಲಿಸಿ ಸುಮ್ಮನಾಗಿದ್ದರೆ ದಾರ ಮತ್ತೆ ಹತ್ತಿಯಾಗುತ್ತಿತ್ತು.

ತಿರುಪು ಅಂಟು ಹಾಕಿ ಬಿಗಿದದ್ದಾಗಿತ್ತು. ಒತ್ತಾಯಿಸಿದರೆ ತಲೆ ಸವೆಯುವುದರಿಂದ ಬಿಸಿಯಾದ ಬೆಸುಗೆ ಕಡ್ಡಿಯ (ಸಾಲ್ಡರಿಂಗ್ ಐರನ್) ತುದಿಯನ್ನು ತಿರುಪಿನ ತಲೆಗೆ ಅರ್ಧ ನಿಮಿಷ ಒತ್ತಿಹಿಡಿದೆ. ಅಂಟು ಸಡಿಲಗೊಂಡು ತಿರುಪು ಬಂತು. ಒಳಗಿನ ವಾಷರ್, ತೋಳು, ಬೇರಿಂಗ್, ರೋಲರ್ ಇವನ್ನು ಕಳಚಿದ ಕ್ರಮದಲ್ಲೇ ಒಂದು ಹಲ್ಲುಕಡ್ಡಿಗೆ ಪೋಣಿಸಿಟ್ಟೆ. ಬೇರಿಂಗ್ ಕಂದು ತುಕ್ಕಿನ ಉಂಡೆಯಾಗಿತ್ತು. ಅದರ ಅಳತೆ ಒಳವ್ಯಾಸ 4, ಹೊರವ್ಯಾಸ 7, ದಪ್ಪ 2.5 ಮಿ.ಮೀ. ಊರಿನ ಬೇರಿಂಗ್ ಅಂಗಡಿಯಲ್ಲಿ ಪಂಪು, ಮೋಟರುಗಳಿಗೆ ಆಗುವ ದೊಡ್ಡವು ಮಾತ್ರ ಇದ್ದವು. ಆದರೆ ಇದೇ ಅಳತೆಯದು ರಿಮೋಟ್ ಆಟಿಕೆ ಕಾರುಗಳಲ್ಲಿಯೂ ಬಳಕೆಯಲ್ಲಿದ್ದು, ಎಂಆರ್ 74 ಝಡ್‌ಝಡ್ ಎಂಬ ಸಂಖ್ಯೆಯಲ್ಲಿ ಸಿಗುತ್ತದೆ. ಸ್ಟೇನ್‌ಲೆಸ್ ಉಕ್ಕಿನ ಒಂದು ಜೊತೆಯನ್ನು ಆನ್‌ಲೈನಿನಲ್ಲಿ 180 ರೂಪಾಯಿಗೆ ತರಿಸಿದೆ. ಹೊಲಿಗೆ ಯಂತ್ರದ ಎಣ್ಣೆ ಎರಡು ತೊಟ್ಟು ಹಾಕಿ ಕೂರಿಸಿದ ಮೇಲೆ ರೋಲರ್ ಊದಿದರೆ ತಿರುಗುವಷ್ಟು ಹಗುರವಾಯಿತು. ಅದರ ಮೈಮೇಲೆ ದಾರ ಗೆರೆ ಕೊರೆದಿದೆಯೇ ಎಂದು ಸೂಜಿಯ ಮೊನೆಯಿಂದ ನೋಡಿದೆ; ಗೆರೆಯಿರಲಿಲ್ಲ. ಗೆರೆ ಬಿದ್ದಿದ್ದರೆ ರೋಲರನ್ನೂ ಬದಲಿಸಬೇಕಾಗುತ್ತಿತ್ತು.

ಹಂತ 4: ಡ್ರ್ಯಾಗ್

ಸ್ಪೂಲ್ ತೆಗೆದು, ಮೇಲಿನ ಸ್ಪ್ರಿಂಗ್ ತಂತಿಯನ್ನು ಚಿಮುಟದಿಂದ ಬಿಡಿಸಿದರೆ ಡ್ರ್ಯಾಗಿನ ಬಿಲ್ಲೆಗಳು ಒಂದರ ಮೇಲೊಂದು ಬರುತ್ತವೆ: ಲೋಹದ್ದು, ಫೆಲ್ಟಿನದು, ಮತ್ತೆ ಲೋಹದ್ದು. ಫೆಲ್ಟಿನ ಬಿಲ್ಲೆಗಳು ಉಪ್ಪಿನ ಹರಳು ಕಟ್ಟಿ ಹಪ್ಪಳದಂತೆ ಬಿರುಸಾಗಿದ್ದವು. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿದರೂ ಅವು ಮೊದಲಿನ ದಪ್ಪಕ್ಕೆ ಬರಲಿಲ್ಲ. ಡ್ರ್ಯಾಗನ್ನು ಬಿಗಿದೇ ಇಟ್ಟು ತಿಂಗಳುಗಟ್ಟಲೆ ಬಿಟ್ಟರೆ ಫೆಲ್ಟು ಚಪ್ಪಟೆಯಾಗುತ್ತದೆ. ಬಳಸಿ ಬಂದ ಮೇಲೆ ಗುಂಡಿಯನ್ನು ಸಡಿಲಿಸಿಡಬೇಕೆನ್ನುವುದು ಅದಕ್ಕಾಗಿಯೇ.

ಬದಲಿಗೆ ಕಾರ್ಬನ್ ಬಟ್ಟೆಯ ಬಿಲ್ಲೆಗಳನ್ನು ಹಾಕಿದೆ; ಮೂರಕ್ಕೆ 350 ರೂಪಾಯಿ. ಇಲ್ಲಿ ವ್ಯಾಸಕ್ಕಿಂತ ಒಟ್ಟು ಎತ್ತರ ಮುಖ್ಯ. ಹೊಸ ಬಿಲ್ಲೆಗಳ ರಾಶಿ ಹಳೆಯದಕ್ಕಿಂತ ಅರ್ಧ ಮಿ.ಮೀ. ತಗ್ಗಾಗಿದ್ದರೂ ಗುಂಡಿಯನ್ನು ಪೂರ್ತಿ ತಿರುಗಿಸುವವರೆಗೆ ಬಿಗಿತ ಬಾರದು. ಎತ್ತರವಾಗಿದ್ದರೆ ಸ್ಪ್ರಿಂಗ್ ತಂತಿ ಅದರ ಕಾಲುವೆಯಲ್ಲಿ ಕೂರದು. ವರ್ನಿಯರಿನಲ್ಲಿ ಅಳೆದು, ಒಂದು ತೆಳು ಲೋಹದ ಬಿಲ್ಲೆ ಸೇರಿಸಿ ಎತ್ತರ ಹೊಂದಿಸಿದೆ. ಬೆರಳಿಗೆ ಹತ್ತಿ ಉಳಿದಷ್ಟು ಮಾತ್ರ ಡ್ರ್ಯಾಗ್ ಗ್ರೀಸ್ ಸವರಿದೆ.

ಪರೀಕ್ಷೆಗೆ ಸೂಟ್‌ಕೇಸ್ ತೂಗುವ ಕೈತಕ್ಕಡಿ ಸಾಕು. ದಾರದ ಪೊಟ್ಟಣದ ಮೇಲೆ ಬರೆದ ಬಲ 30 ಪೌಂಡು, ಅಂದರೆ ಸುಮಾರು 13.6 ಕಿಲೋ. ಡ್ರ್ಯಾಗನ್ನು ಅದರ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗದ ನಡುವೆ ಇಡುವುದು ವಾಡಿಕೆ. ಗಂಟುಗಳಲ್ಲಿ ಬಲ ಕುಗ್ಗುವುದನ್ನು ಲೆಕ್ಕಕ್ಕೆ ತೆಗೆದುಕೊಂಡು ನಾನು 3 ಕಿಲೋಗೆ ಇಟ್ಟೆ. ಬಿಚ್ಚುವ ಮೊದಲು ತಕ್ಕಡಿ ತೋರಿಸಿದ್ದು ಹೀಗೆ: ದಾರ ಕದಲುವ ಕ್ಷಣದಲ್ಲಿ 4.4 ಕಿಲೋ, ಹರಿಯತೊಡಗಿದ ಮೇಲೆ 2.1 ಕಿಲೋ. ಈಗ ಅದೇ ಎರಡು ಅಂಕಿಗಳು 3.1 ಮತ್ತು 2.8. ಹಿಂದೆ ಕಿತ್ತುಹೋದ ಮೀನುಗಳ ಲೆಕ್ಕ ಈ ವ್ಯತ್ಯಾಸದಲ್ಲೇ ಇದೆ. ಅಳತೆಯನ್ನು ರೀಲಿನಿಂದ ನೇರವಾಗಿ ಎಳೆದು ಒಮ್ಮೆ, ಗೈಡುಗಳ ಮೂಲಕ ರಾಡ್ ಬಾಗಿಸಿ ಇನ್ನೊಮ್ಮೆ ಮಾಡಬೇಕು. ಗೈಡುಗಳ ತಿಕ್ಕಾಟದಿಂದಾಗಿ ಎರಡನೆಯದು ಯಾವಾಗಲೂ ಹೆಚ್ಚು ತೋರಿಸುತ್ತದೆ.

ಹಂತ 5: ರೀಲಿನ ಒಳಗು

ತಿರುಪುಗಳು ಒಂದೇ ಉದ್ದದವಾಗಿರುವುದಿಲ್ಲ. ತೂತಿಲ್ಲದ ಇಡ್ಲಿ ತಟ್ಟೆಯ ಗುಳಿಗಳಿಗೆ ಅಂಕಿ ಬರೆದು, ಕಳಚಿದ್ದನ್ನೆಲ್ಲ ಅದರಲ್ಲಿ ಕ್ರಮವಾಗಿ ಇಟ್ಟು, ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಚಿತ್ರ ತೆಗೆದೆ. ಪಕ್ಕದ ಮುಚ್ಚಳ ತೆಗೆದಾಗ ಕಂಡ ಗ್ರೀಸು ಕಪ್ಪಾಗಿ ಮೇಣದಂತೆ ಗಟ್ಟಿಯಾಗಿತ್ತು. ದೊಡ್ಡ ಹಲ್ಲುಚಕ್ರದ ಪಕ್ಕದಲ್ಲಿ ಕಾಗದದಷ್ಟು ತೆಳುವಾದ ವಾಷರ್ ಇರುತ್ತದೆ. ಅದು ಗ್ರೀಸಿಗೆ ಅಂಟಿಕೊಂಡು ಮುಚ್ಚಳದ ಜೊತೆ ಬಂದುಬಿಡುವುದರಿಂದ ಗಮನಕ್ಕೇ ಬಾರದೆ ಒರೆಸಿಹೋಗುವ ಅಪಾಯವಿದೆ. ಅದು ಇಲ್ಲದೆ ಜೋಡಿಸಿದರೆ ಹಲ್ಲುಗಳ ನಡುವಿನ ಸಡಿಲ ಹೆಚ್ಚಿ, ಹೊಸ ಬೇರಿಂಗ್ ಹಾಕಿದರೂ ಸದ್ದು ಹೋಗದು.

ಲೋಹದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದೆ. ಪೆಟ್ರೋಲು ಬೇಡ, ಬೆಂಕಿಯ ಭಯ ಒಂದಾದರೆ, ಪ್ಲಾಸ್ಟಿಕ್ ಭಾಗಗಳು ಹಾಳಾಗುವುದು ಇನ್ನೊಂದು. ಹಿಡಿಕೆಯ ಕಡೆಯ ಬೇರಿಂಗ್ ಒರಟಾಗಿ ತಿರುಗುತ್ತಿತ್ತು. ಅಳತೆ 7, 11, 3 ಮಿ.ಮೀ., ಬೆಲೆ 120 ರೂಪಾಯಿ. ಕರಕರ ಸದ್ದಿನ ಮೂಲ ಅದೇ. ಉಪ್ಪು ಅಲ್ಲಿಯವರೆಗೆ ಹೋದದ್ದು ಮೀನು ಹಿಡಿಯುವಾಗ ಅಲ್ಲ, ತೊಳೆಯುವಾಗ. ನಲ್ಲಿಯ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ರಭಸವಾಗಿ ನೀರು ಹಾರಿಸಿದರೆ ಹೊರಗಿನ ಉಪ್ಪು ಸಂದಿಗಳ ಮೂಲಕ ಒಳಗೆ ಸೇರುತ್ತದೆ. ಬಕೆಟ್ಟಿನಲ್ಲಿ ಮುಳುಗಿಸಿಡುವುದು ಅದಕ್ಕಿಂತ ಕೆಟ್ಟದ್ದು. ಡ್ರ್ಯಾಗ್ ಗುಂಡಿಯನ್ನು ಬಿಗಿದು, ಚೊಂಬಿನಿಂದ ಸಿಹಿನೀರನ್ನು ಮೆಲ್ಲಗೆ ಸುರಿದು, ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಣಗಿದ ಮೇಲೆ ಗುಂಡಿಯನ್ನು ಸಡಿಲಿಸಿದರೆ ಸಾಕು.

ಇನ್ನು ಹಿಮ್ಮುಖವಾಗಿ ಜಾರುವ ಹಿಡಿಕೆ. ರೋಟರಿನ (ಬೇಲ್ ತಂತಿಯನ್ನು ಹೊತ್ತು ಸ್ಪೂಲಿನ ಸುತ್ತ ತಿರುಗುವ ಭಾಗದ) ಅಡಿಯಲ್ಲಿ ಒಂದೇ ದಿಕ್ಕಿಗೆ ತಿರುಗಲು ಬಿಡುವ ಕ್ಲಚ್ ಇದೆ. ಅದರೊಳಗೆ ಸಣ್ಣ ಉರುಳೆಗಳು, ಅವನ್ನು ಒತ್ತುವ ಸ್ಪ್ರಿಂಗುಗಳು ಇರುತ್ತವೆ. ಹಿಂದಿನ ವರ್ಷ ಸರ್ವಿಸ್ ಮಾಡುವಾಗ, ಗ್ರೀಸು ಹೆಚ್ಚಾದಷ್ಟೂ ಒಳ್ಳೆಯದೆಂಬ ನಂಬಿಕೆಯಿಂದ ಅಲ್ಲಿಗೂ ಧಾರಾಳವಾಗಿ ಮೆತ್ತಿದ್ದೆ. ಗ್ರೀಸು ತಂಪಿಗೆ ಗಟ್ಟಿಯಾದಾಗ ಉರುಳೆಗಳು ತಕ್ಷಣ ಕಚ್ಚಿಕೊಳ್ಳದೆ ಜಾರುತ್ತವೆ; ಬೆಳಗ್ಗೆ ಮಾತ್ರ ತೊಂದರೆ ಕಾಣುತ್ತಿದ್ದುದು ಇದಕ್ಕೇ. ರೋಟರಿನ ನಟ್ಟು ಬಿಚ್ಚುವ ಮೊದಲು ಅದನ್ನು ತಡೆಯುವ ಪುಟ್ಟ ತಗಡನ್ನೂ ಅದರ ತಿರುಪನ್ನೂ ತೆಗೆಯಬೇಕು, ಮತ್ತು ನಟ್ಟಿನ ಮರೆಯ (ತಿರುಪಿನ ಸುತ್ತುಗಳ) ದಿಕ್ಕು ರೀಲಿನಿಂದ ರೀಲಿಗೆ ಬೇರೆಯಾಗಿರುವುದರಿಂದ ಮೊದಲು ಹಗುರವಾಗಿ ಎರಡೂ ಕಡೆಗೆ ತಿರುಗಿಸಿ ನೋಡಬೇಕು. ಕ್ಲಚ್ಚನ್ನು ಬಿಡಿಬಿಡಿಯಾಗಿ ಕಳಚದೆ ಇಡಿಯಾಗಿಯೇ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ನೀರು ಬದಲಿಸಿದಂತೆ ಅದನ್ನು ಬದಲಿಸುತ್ತ ಗ್ರೀಸು ಪೂರ್ತಿ ಹೋಗುವವರೆಗೆ ತೊಳೆದೆ. ಒಣಗಿದ ಮೇಲೆ ತೆಳು ಎಣ್ಣೆ ಒಂದೇ ತೊಟ್ಟು. ಇದನ್ನು ತಲೆಕೆಳಗಾಗಿ ಕೂರಿಸಿದರೆ ಹಿಡಿಕೆ ಉಲ್ಟಾ ದಿಕ್ಕಿಗೆ ಮಾತ್ರ ತಿರುಗುತ್ತದೆ. ತೆಗೆದ ಚಿತ್ರ ನೆರವಿಗೆ ಬಂದದ್ದು ಇಲ್ಲಿ.

ಹಂತ 6: ಗೈಡ್ ಬದಲಾವಣೆ, ಮಳೆಗಾಲದ ಎಪಾಕ್ಸಿ

ಬಿಚ್ಚುವ ಮೊದಲು ರಾಡಿನ ತುದಿಯಿಂದ ಹಳೆಯ ಗೈಡಿನ ಪಾದದವರೆಗಿನ ದೂರವನ್ನು ಅಳೆದು ಬರೆದುಕೊಂಡು, ಆ ಜಾಗಕ್ಕೆ ಬಣ್ಣದ ಟೇಪು ಅಂಟಿಸಿದೆ. ಗೈಡನ್ನು ಕೋಲಿಗೆ ಬಿಗಿದ ನೂಲಿನ ಮೇಲಿನ ಹಳೆಯ ಎಪಾಕ್ಸಿಯನ್ನು (ಎರಡು ದ್ರವ ಕಲಸಿ ಹಚ್ಚುವ ಅಂಟನ್ನು) ಕೂದಲು ಒಣಗಿಸುವ ಯಂತ್ರದಿಂದ ಬಿಸಿಮಾಡಿ, ಬ್ಲೇಡನ್ನು ಗೈಡಿನ ಲೋಹದ ಪಾದದ ಮೇಲೆಯೇ ಇಟ್ಟು ಉದ್ದಕ್ಕೆ ಸೀಳಿದೆ. ಬ್ಲೇಡು ಎಂದಿಗೂ ಗ್ರಾಫೈಟ್ ಕೋಲಿನ ಮೇಲೆ ಇಳಿಯಬಾರದು. ಅಲ್ಲಿ ಬಿದ್ದ ಗೀರು ಮುಂದೆ ಮೀನು ಎಳೆದಾಗ ಅಲ್ಲೇ ಮುರಿಯುತ್ತದೆ. ಸೀಳಿದ ಮೇಲೆ ಉಳಿದ ನೂಲನ್ನು ಉಗುರಿನಿಂದಲೇ ಸುಲಿಯಬಹುದು.

ಹೊಸ ಗೈಡಿನ ಪಾದದ ತುದಿ ಮೊಂಡಾಗಿದ್ದರೆ ನೂಲು ಕೋಲಿನಿಂದ ಪಾದದ ಮೇಲೆ ಹತ್ತುವಾಗ ಮೆಟ್ಟಿಲಿನಂತೆ ಸಂದಿ ಬಿಡುತ್ತದೆ. ಅದನ್ನು ಸಣ್ಣ ಅರದಿಂದ ಇಳಿಜಾರಾಗಿ ಉಜ್ಜಿ, ಟೇಪಿನಿಂದ ತಾತ್ಕಾಲಿಕವಾಗಿ ಹಿಡಿಸಿ, ಎ ಅಳತೆಯ ನೈಲಾನ್ ನೂಲಿನಿಂದ ಸುತ್ತಿದೆ. ನೂಲಿನ ಉರುಳೆಯನ್ನು ಲೋಟದಲ್ಲಿಟ್ಟು, ನೂಲನ್ನು ದಪ್ಪ ಪುಸ್ತಕವೊಂದರ ಹಾಳೆಗಳ ನಡುವೆ ಹಾಯಿಸಿ ತಂದರೆ ಬಿಗಿತ ಒಂದೇ ಸಮ ಬರುತ್ತದೆ. ಮೊದಲ ಐದಾರು ಸುತ್ತು ನೂಲು ತನ್ನದೇ ತುದಿಯ ಮೇಲೆ ಹಾದುಹೋಗಬೇಕು; ಕೊನೆಗೆ ಇನ್ನೂ ಐದಾರು ಸುತ್ತು ಬಾಕಿಯಿರುವಾಗ ಬೇರೊಂದು ನೂಲಿನ ಕುಣಿಕೆಯನ್ನು ಅಡಿಯಲ್ಲಿ ಇಟ್ಟು ಸುತ್ತಿ, ಕತ್ತರಿಸಿದ ತುದಿಯನ್ನು ಆ ಕುಣಿಕೆಗೆ ತೂರಿಸಿ ಎಳೆದರೆ ತುದಿ ಸುತ್ತುಗಳ ಅಡಿಗೆ ಹೋಗಿ ಗಂಟಿಲ್ಲದೆ ನಿಲ್ಲುತ್ತದೆ. ಅಂಟು ಹಾಕುವ ಮೊದಲು ಗೈಡನ್ನು ಬೆರಳಿನಿಂದ ಒತ್ತಿ ಸಾಲಿಗೆ ತರಬಹುದು, ಆಮೇಲೆ ಆಗದು.

ಮೊದಲ ಎಪಾಕ್ಸಿ ಕೆಟ್ಟಿತು. ಬಿಡದೆ ಮಳೆ ಸುರಿಯುತ್ತಿದ್ದ ದಿನ, ಎರಡು ಟ್ಯೂಬುಗಳಿಂದ ಕಣ್ಣಂದಾಜಿನಲ್ಲಿ ಹಿಂಡಿ ಕಲಸಿ ಹಚ್ಚಿದ್ದೆ. ಮರುದಿನ ನೋಡಿದರೆ ಮೇಲ್ಮೈ ಹಾಲಿನಂತೆ ಮಬ್ಬಾಗಿ, ಮುಟ್ಟಿದರೆ ಜಿಗುಟಾಗಿತ್ತು. ಇದಕ್ಕೆ ಎರಡು ಕಾರಣಗಳಿರಬಹುದು, ಅವನ್ನು ಬೇರ್ಪಡಿಸುವುದು ಸುಲಭ. ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡು ಗಟ್ಟಿಗೊಳಿಸುವ ದ್ರವದೊಂದಿಗೆ ಬೆರೆತು ಉಂಟಾದ ಪೊರೆ ಮಾತ್ರವಾಗಿದ್ದರೆ ಅದು ಉಗುರುಬೆಚ್ಚಗಿನ ಸೋಪು ನೀರಿಗೆ ಹೋಗುತ್ತದೆ, ಅಡಿಯಲ್ಲಿ ಗಟ್ಟಿಯಿರುತ್ತದೆ. ಪ್ರಮಾಣ ತಪ್ಪಿದ್ದರೆ ಆಳದವರೆಗೂ ಮೆತ್ತಗಿದ್ದು ಎಷ್ಟು ಕಾದರೂ ಗಟ್ಟಿಯಾಗದು. ನನ್ನದರಲ್ಲಿ ಪೊರೆ ತೊಳೆದು ಹೋಯಿತು, ಆದರೂ ಉಗುರು ಒತ್ತಿದರೆ ಗುರುತು ಬೀಳುತ್ತಿತ್ತು. ಅಂದರೆ ಎರಡೂ ತಪ್ಪು ಒಟ್ಟಿಗೇ ಆಗಿದ್ದವು. ಎಲ್ಲವನ್ನೂ ಕಿತ್ತು, ಆಲ್ಕೋಹಾಲಿನಿಂದ ಒರೆಸಿ, ಮತ್ತೆ ನೂಲು ಸುತ್ತಬೇಕಾಯಿತು.

ಎರಡನೆಯ ಸಲ ಸೂಜಿ ತೆಗೆದ ಎರಡು ಬೇರೆಬೇರೆ ಸಿರಿಂಜುಗಳಲ್ಲಿ ತಲಾ 2 ಮಿ.ಲೀ. ಅಳೆದು, ಮೂರು ನಿಮಿಷ ಮೆಲ್ಲಗೆ ಕಲಸಿದೆ. ಜೋರಾಗಿ ಕಲಸಿದರೆ ಗುಳ್ಳೆ ತುಂಬುತ್ತದೆ. ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ಈ ಕೆಲಸಕ್ಕೆ ಬೇಡ. ಅದು ಹಳದಿಯಾಗಿ ಬಿರುಸಾಗುತ್ತದೆ, ರಾಡ್ ಬಾಗಿದಾಗ ಬಿರಿಯುತ್ತದೆ. ಹಚ್ಚಿದ ಮೇಲೆ ಉಳಿದ ಗುಳ್ಳೆಗಳಿಗೆ ಲೈಟರಿನ ಜ್ವಾಲೆಯನ್ನು ಕೆಳಗಿನಿಂದ ಕ್ಷಣಮಾತ್ರ ಹಾಯಿಸಿದರೆ ಅವು ಒಡೆಯುತ್ತವೆ. ಬಾಯಿಂದ ಊದುವುದು ಬೇಡ, ಉಸಿರಿನಲ್ಲಿರುವ ತೇವವೇ ಮತ್ತೆ ಪೊರೆ ಕಟ್ಟಿಸುತ್ತದೆ.

ಒಣಗಿಸಲು ರಟ್ಟಿನ ಪೆಟ್ಟಿಗೆಯ ಎರಡು ಬದಿಗೆ ತೂತು ಮಾಡಿ ರಾಡನ್ನು ಹಾಯಿಸಿ, ಒಳಗೆ ರಟ್ಟಿಗೆ ತಾಗದಂತೆ 60 ವ್ಯಾಟಿನ ಹಳೆಯ ತಂತಿ ಬಲ್ಬು ಉರಿಸಿದೆ. ಎಲ್‌ಇಡಿ ಬಲ್ಬು ಬೇಕಾದಷ್ಟು ಬಿಸಿ ಕೊಡದು. ಒಳಗಿನ ತಾಪಮಾನ 35ರಿಂದ 40 ಡಿಗ್ರಿ ಸೆಲ್ಸಿಯಸ್ ನಡುವೆ ನಿಂತಿತು, ತೇವವೂ ಇಳಿಯಿತು. ರಾಡ್ ತಿರುಗುತ್ತಿರದಿದ್ದರೆ ಎಪಾಕ್ಸಿ ಒಂದು ಕಡೆ ಜೋತುಬೀಳುತ್ತದೆ. ಗುಜರಿಯಿಂದ 100 ರೂಪಾಯಿಗೆ ತಂದ ಮೈಕ್ರೋವೇವ್ ತಟ್ಟೆ ತಿರುಗಿಸುವ ಮೋಟರು ನಿಮಿಷಕ್ಕೆ ಐದಾರು ಸುತ್ತು ತಿರುಗುತ್ತದೆ. ಅದನ್ನು ರಬ್ಬರ್ ಕೊಳವೆಯಿಂದ ರಾಡಿನ ಬುಡಕ್ಕೆ ಜೋಡಿಸಿ ನಾಲ್ಕು ಗಂಟೆ ಬಿಟ್ಟೆ. ಇಂಥ ಮೋಟರು ಕೊಳ್ಳುವವರು ಅದರ ಮೇಲಿನ ವೋಲ್ಟೇಜನ್ನು ಓದಬೇಕು. 230 ವೋಲ್ಟಿನವೂ ಇವೆ, ಅದಕ್ಕಿಂತ ತೀರಾ ಕಡಿಮೆಯವೂ ಇವೆ. ಈ ಸಲ ಹೊದಿಕೆ ಗಾಜಿನಂತೆ ನಿಚ್ಚಳವಾಗಿ ಬಂತು.

ಹಂತ 7: ಜೋಡಣೆ, ಖರ್ಚು, ಪರೀಕ್ಷೆ

ಬೇರಿಂಗುಗಳಿಗೆ 300, ಡ್ರ್ಯಾಗ್ ಬಿಲ್ಲೆಗಳಿಗೆ 350, ಗೈಡಿಗೆ 140, ನೂಲಿಗೆ 90, ಎಪಾಕ್ಸಿಗೆ 450, ಗ್ರೀಸು ಮತ್ತು ಆಲ್ಕೋಹಾಲಿಗೆ 380, ಮೋಟರಿಗೆ 100: ಒಟ್ಟು 1,810 ರೂಪಾಯಿ. ವ್ಯರ್ಥವಾಗಿ ತುಂಬಿಸಿದ ದಾರ ಇದರಲ್ಲಿ ಸೇರಿಲ್ಲ. ಗ್ರೀಸು, ಎಪಾಕ್ಸಿ, ನೂಲು ಇನ್ನೂ ಬಹಳ ಉಳಿದಿವೆ.

ಮನೆಯಲ್ಲಿ ಮೂರು ಲೀಟರ್ ನೀರು ತುಂಬಿದ ಕ್ಯಾನನ್ನು ದಾರಕ್ಕೆ ಕಟ್ಟಿ ಜಗಲಿಯಿಂದ ಇಳಿಬಿಟ್ಟಾಗ ಡ್ರ್ಯಾಗ್ ಕುಲುಕಾಟವಿಲ್ಲದೆ ಬಿಟ್ಟುಕೊಟ್ಟಿತು. ಆಗಸ್ಟಿನಲ್ಲಿ ಕಡಲು ಸ್ವಲ್ಪ ತಗ್ಗಿದ ಮೇಲೆ ಅಳಿವೆಯ ಬಳಿ ಭರತದ (ನೀರು ಏರುವ) ಹೊತ್ತಿನಲ್ಲಿ ಒಂದು ಪೂರ್ತಿ ಬೆಳಗು ಎಸೆದು, ಮನೆಗೆ ಬಂದು ದಾರವನ್ನು ಉಗುರಿನ ನಡುವೆ ಎಳೆದು ನೋಡಿದೆ. ಒರಟು ಎಲ್ಲಿಯೂ ಇರಲಿಲ್ಲ. ಹೊಸ ಗೈಡಿನ ಎಪಾಕ್ಸಿಯ ಅಂಚಿನಲ್ಲಿ ಬಿರುಕೂ ಇಲ್ಲ.

ಬಾಕಿ ಉಳಿದದ್ದು ಕ್ಲಚ್. ಜಾರುವುದು ನಿಂತಿದೆ, ಆದರೆ ಹಿಡಿಕೆಯನ್ನು ಹಿಂದಕ್ಕೆ ಒತ್ತಿದರೆ ಕಚ್ಚಿಕೊಳ್ಳುವ ಮುನ್ನ ಒಂದೆರಡು ಮಿ.ಮೀ. ಸಡಿಲ ಈಗಲೂ ಇದೆ. ಸ್ಪ್ರಿಂಗುಗಳು ಸೋತಿರಬಹುದೆಂದು ಅನುಮಾನ. ಬಿಡಿ ಸ್ಪ್ರಿಂಗು ಸಿಗದ ಕಾರಣ ಇಡೀ ಕ್ಲಚ್ಚನ್ನೇ ತರಿಸಬೇಕಾಗಿದೆ. ಅದು ಬರುವವರೆಗೆ ಈ ರೀಲಿನಲ್ಲಿ ಹಗುರ ಲೂರುಗಳನ್ನು ಮಾತ್ರ ಎಸೆಯುತ್ತಿದ್ದೇನೆ.